ಮಗಳು ಹಿಡಿದಿಟ್ಟ ಆರು ಗಂಟೆ

ಲಕ್ಷ್ಮೀ ನಗರದ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಏಳು ಗಂಟೆ ದಾಟಿತ್ತು. ಮೆಟ್ರೋ ಯಮುನೆಯ ಸೇತುವೆ ಮೇಲೆ ನಿಂತುಬಿಟ್ಟಿತ್ತು. ಐದು ವರ್ಷದ ಮಗಳ ಅಳು ಕೇಳಿಸಲಿಲ್ಲ. ಅದಕ್ಕೇ ಇನ್ನಷ್ಟು ಗಾಬರಿಯಾಯಿತು.

ಸ್ವೀಟ್ ಡಬ್ಬಿಯ ಮುಚ್ಚಳಕ್ಕೆ ರಟ್ಟಿನ ಮುಳ್ಳು ಕೂರಿಸಿ, ನಾನೇ ಅವಳಿಗೆ ಗಡಿಯಾರ ನೋಡಲು ಕಲಿಸಿದ್ದೆ. ಕಲಿತದ್ದೇ ತಡ, ಆಫೀಸಿನಿಂದ ನಾನು ಆರಕ್ಕೆ ಬರದಿದ್ದರೆ ಅಳು ಶುರು. ಯಾಕಾದರೂ ಕಲಿಸಿದೆನೋ ಅನ್ನಿಸಿಬಿಟ್ಟಿತ್ತು.

ಅವಳನ್ನು ನೋಡಿಕೊಳ್ಳುವ ಎದುರುಮನೆ ಆಂಟಿ ನಮ್ಮ ಮನೆ ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು ನಕ್ಕರು. ಒಳಗೆ ಮಗಳು ಆ ಡಬ್ಬಿ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಮುಳ್ಳುಗಳನ್ನು ಅಲುಗಾಡದಂತೆ ಒತ್ತಿ ಹಿಡಿದಿದ್ದಳು. ಅದರಲ್ಲಿ ಸರಿಯಾಗಿ ಆರು ಗಂಟೆ.

"ಅಮ್ಮಾ, ನೀನು ಲೇಟ್ ಆಗಿಲ್ಲ. ದೇಖೋ, ಆರು ಗಂಟೆ ಹಿಡ್ಕೊಂಡಿದೀನಿ. ಬೆರಳು ನೋಯ್ತಿದೆ, ಈಗ ಬಿಡ್ಲಾ?"

"ಬಿಡು ಪುಟ್ಟಿ" ಎನ್ನುತ್ತಾ ಬ್ಯಾಗು ಹೆಗಲಲ್ಲಿದ್ದಂತೆಯೇ ನೆಲಕ್ಕೆ ಕುಕ್ಕರಿಸಿದೆ. ಅವಳು ಮುಳ್ಳು ಬಿಟ್ಟು ನನ್ನ ಕುತ್ತಿಗೆಗೆ ಜೋತುಬಿದ್ದಳು.

ಈಗಲೂ ಮೆಟ್ರೋ ತಡವಾಗುತ್ತದೆ. ಎದೆ ಮಾತ್ರ ಹೊಡೆದುಕೊಳ್ಳುವುದಿಲ್ಲ. ನಾನು ಹೋಗಿ ಮುಟ್ಟುವವರೆಗೂ ನಮ್ಮ ಮನೆಯಲ್ಲಿ ಆರು ಗಂಟೆ ದಾಟುವುದಿಲ್ಲ.