ಮದುಮಗನ ಕಡೆಯ ಗೋಡೆ

ಇದನ್ನು ಬರೆಯುವುದನ್ನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದೆ. ಹೋಟೆಲ್ ಇದ್ದಾಗ ಪುರುಸೊತ್ತಿಲ್ಲ ಎಂದುಕೊಂಡೆ. ಹೋಟೆಲ್ ಮುಚ್ಚಿದ ಮೇಲೆ ಕಣ್ಣು ಸರಿಯಿಲ್ಲ ಎಂದುಕೊಂಡೆ. ಈಗ ಕಣ್ಣಿನ ಆಪರೇಷನ್ ಆಗಿ ಚೆನ್ನಾಗಿಯೇ ಕಾಣುತ್ತದೆ. ವಿಷಯ ಇಷ್ಟೆ. ನನ್ನ ಅಣ್ಣನ ಹೆಂಡತಿಯನ್ನು ಕರೆಯಬೇಕಾದ ಹಾಗೆ ನಾನು ಅವರು ಬದುಕಿದ್ದಷ್ಟು ಕಾಲ ಒಮ್ಮೆಯೂ ಕರೆಯಲಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಅವರ ಊರಿನ ಇಗರ್ಜಿಯ ಬಗ್ಗೆ ಹೇಳಬೇಕು.

ತಮಿಳು ಸೀಮೆಯ ಎಣ್ಣೂರಿನ ಹಿನ್ನೀರಿನ ಪಕ್ಕ ಒಂದು ಮೀನುಗಾರರ ಹಳ್ಳಿ. ಈಗ ಅದರ ಬೆನ್ನಿಗೆ ವಿದ್ಯುತ್ ಸ್ಥಾವರದ ಚಿಮಣಿಗಳಿವೆ, ಗಾಳಿ ತಿರುಗಿದ ದಿನ ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದಿ ಕೂರುತ್ತದೆ. ಇಗರ್ಜಿ ದೊಡ್ಡದಲ್ಲ. ಎದುರಿನ ಗೋಡೆಯೊಂದೇ ಅಲೆಯ ಹಾಗೆ ಬಾಗಿ ಮೇಲೆದ್ದಿದೆ. ಅದರ ಹಿಂದಿನ ಕಟ್ಟಡ ಗಿಡ್ಡ. ಗೋಡೆಯ ನೆತ್ತಿಯ ಕಿಂಡಿಯಲ್ಲಿ ಗಂಟೆ ತೂಗುತ್ತದೆ. ಬಾಗಿಲು ಸಮುದ್ರಕ್ಕೆ ಮುಖ ಮಾಡಿದೆ. ದೋಣಿಯವರಿಗೆ ದೂರದಿಂದ ಗುರುತು ಸಿಗಲಿ ಎಂದು ಆ ಮುಖಕ್ಕೆ ಪ್ರತಿವರ್ಷ ಸುಣ್ಣ ಬಳಿಯುತ್ತಾರೆ. ಹಾಗೆ ಬಳಿದು ಬಳಿದು ಬಾಗಿಲ ಮೇಲೆ ಕೆತ್ತಿದ ಇಸವಿ ಮುಚ್ಚಿಹೋಗಿದೆ. ಪೋರ್ಚುಗೀಸರ ಕಾಲದ್ದು ಎನ್ನುವವರಿದ್ದಾರೆ. ಅದೆಲ್ಲ ಸುಳ್ಳು, ನಮ್ಮ ತಾತಂದಿರು ಮೀನು ಮಾರಿ ಕಟ್ಟಿಸಿದ್ದು ಎನ್ನುವವರೂ ಇದ್ದಾರೆ. ಸುಣ್ಣ ಕೆರೆದು ನೋಡಲು ಎರಡು ಕಡೆಯವರಿಗೂ ಮನಸ್ಸಿಲ್ಲ.

ಒಳಗೆ ಗೋಡೆಗಳು ಮೊಳಕ್ಕಿಂತ ದಪ್ಪ. ಮಾಡಿಗೆ ತೇಗದ ತೊಲೆಗಳು, ತೊಲೆಗಳ ಮೇಲೆ ಅಂಚು ಕೆಳಗಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಗಾರೆ. ಒಂದು ತೊಲೆಯಲ್ಲಿ ಏನಕ್ಕೂ ಬೇಡದ ತೂತುಗಳಿವೆ. ಒಡೆದ ಹಡಗಿನದಂತೆ ಅದು. ಬೆಂಚುಗಳಿರಲಿಲ್ಲ. ಚಾಪೆ ಹಾಸಿ ಕೂರುತ್ತಿದ್ದರು. ಮದುವೆಯಾದರೆ ಎಡಗಡೆ ಹೆಣ್ಣಿನವರು, ಬಲಗಡೆ ಗಂಡಿನವರು.

ನಾವು ಕುಂದಾಪುರದ ಕಡೆಯವರು. ಎಣ್ಣೂರು ಬಂದರಿನ ರಸ್ತೆಯಲ್ಲಿ ಅಣ್ಣ ಸಣ್ಣ ಹೋಟೆಲ್ ಇಟ್ಟಿದ್ದ. ಹೈಸ್ಕೂಲು ಮುಗಿಸಿ ನಾನೂ ಬಂದು ಗಲ್ಲಾದಲ್ಲಿ ಕೂತೆ. ಎದುರಿನ ಶಾಲೆಗೆ ಆ ಹಳ್ಳಿಯಿಂದ ಒಬ್ಬರು ಟೀಚರ್ ಬರುತ್ತಿದ್ದರು. ಅಣ್ಣ ಅವರನ್ನು ಇಷ್ಟಪಟ್ಟ. ಊರಿನಲ್ಲಿ ಅಮ್ಮ ಮಾತು ಬಿಟ್ಟಳು. ಮದುವೆ ಅದೇ ಇಗರ್ಜಿಯಲ್ಲಿ ಎಂದಾದಾಗ ಅಣ್ಣ ನನ್ನೊಬ್ಬನನ್ನು ಕೇಳಿದ.

“ಒಳಗ್ ಬಂದ್ ಕೂಕೊ ಮಾರಾಯ. ನಮ್ ಬದಿ ಒಬ್ಬನಾದ್ರೂ ಬೇಕಲ್ಲ.”

ಬರುತ್ತೇನೆ ಎಂದೆ. ಹೋದೆ ಕೂಡ. ಆದರೆ ನನಗೆ ಆಗ ಊರಿನಲ್ಲಿ ಹೆಣ್ಣು ನೋಡುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಸುದ್ದಿ ಅಲ್ಲಿಗೆ ಮುಟ್ಟಿದರೆ ಎಂಬ ಹೆದರಿಕೆ. ಬಾಗಿಲ ಕಂಬದ ಪಕ್ಕ, ಚಪ್ಪಲಿ ಹಾಕಿಕೊಂಡೇ ನಿಂತೆ. ಎಡಗಡೆ ಚಾಪೆಯಲ್ಲಿ ಜಾಗವಿಲ್ಲ. ಬಲಗಡೆ ಚಾಪೆ ಹಾಸಿದ ಹಾಗೇ ಇತ್ತು, ಗೋಡೆಯ ತನಕ ಖಾಲಿ. ಅಣ್ಣ ಒಮ್ಮೆ ತಿರುಗಿ ನೋಡಿದ. ಮುಸುಕಿನೊಳಗಿಂದ ಅವರೂ ನೋಡಿದರು.

ಆಗ ಹೆಣ್ಣಿನ ಸೋದರಮಾವ, ಬೆಳಿಗ್ಗೆಯಷ್ಟೇ ದೋಣಿಯಿಂದ ಇಳಿದು ಬಂದ ಮುದುಕ, ಎದ್ದು ನಿಂತ. “ಮಾಪ್ಳೆ ಪಕ್ಕಂ ಕಾಲಿಯಾ ಇರುಕ್ಕು, ವಾಂಗಡಾ” ಎಂದ. ಗಂಡಿನ ಕಡೆ ಖಾಲಿ ಇದೆ, ಬನ್ರೋ ಎಂದು. ಅವನ ಹಿಂದೆ ಹತ್ತಾರು ಜನ ಎದ್ದು ಬಲಗಡೆ ಹೋಗಿ ಕೂತರು. “ಇವತ್ತು ನಾವೆಲ್ಲ ಉಡುಪಿಯವರು. ಸಾಯಂಕಾಲದ ತನಕ ಯಾರೂ ಮೀನು ಮುಟ್ಟಬಾರದು” ಎಂದು ಅವನು ತಮಿಳಿನಲ್ಲಿ ಹೇಳಿದ್ದಕ್ಕೆ ಪಾದ್ರಿಗಳೂ ನಕ್ಕರು. ನಾನು ಮುಂದಿನ ಬಸ್ಸಿಗೆ ಹೋಟೆಲಿಗೆ ಬಂದುಬಿಟ್ಟೆ.

ಅಣ್ಣ ಅದನ್ನು ಎತ್ತಲೇ ಇಲ್ಲ. ಅವರೂ ಎತ್ತಲಿಲ್ಲ. ನನ್ನನ್ನು ಮೊದಲ ದಿನದಿಂದ “ತಂಬಿ”, ತಮ್ಮ, ಎಂದೇ ಕರೆದರು. ನಾನು ಮಾತ್ರ ಏನೂ ಕರೆಯದೆ ಮಾತಾಡುವುದನ್ನು ಕಲಿತೆ. “ಇಕೊಳ್ಳಿ”, “ಅಣ್ಣ ಇಲ್ಲ”, “ಆಯ್ತು”. ಅವರು ಎದುರು ನೋಡುವ ತನಕ ಕಾದು ಮಾತು ಶುರುಮಾಡುತ್ತಿದ್ದೆ. ಹೆಂಡತಿ ಬಂದ ಮೇಲೆ ಅವಳಿಗೂ ಅದನ್ನೇ ಕಲಿಸಿದೆ.

ಕೆಲವು ವರ್ಷಗಳ ಮೇಲೆ ಇಗರ್ಜಿಯ ಬಲಗಡೆ ಗೋಡೆ ಉಪ್ಪು ಹತ್ತಿ ಉದುರತೊಡಗಿತು. ಸಿಮೆಂಟು ನಿಲ್ಲಲಿಲ್ಲ, ಹಳೆಯ ಕ್ರಮದಲ್ಲೇ ಗಾರೆ ಮಾಡಬೇಕೆಂದರು. ಹಿನ್ನೀರಿನ ಚಿಪ್ಪು ಸುಟ್ಟ ಸುಣ್ಣ, ಅದಕ್ಕೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಕೊನೆಯ ತೆಳು ಪದರಕ್ಕೆ ಹುಳಿ ಮೊಸರು ಮತ್ತು ಮೊಟ್ಟೆಯ ಬಿಳಿ. ಒಂದು ಮಧ್ಯಾಹ್ನ ಅವರು ಹಿಡಿಕೆಯ ಪಾತ್ರೆ ಹಿಡಿದು ಹೋಟೆಲಿನ ಮುಂಬಾಗಿಲಲ್ಲಿ ನಿಂತರು. ಅಣ್ಣನಿಂದ ಕಲಿತ ನಮ್ಮ ಕನ್ನಡದಲ್ಲೇ ಕೇಳಿದರು.

“ಹುಳಿ ಮೊಸರ್ ಇತ್ತಾ ತಂಬಿ? ಇಗರ್ಜಿ ಗೋಡಿಗೆ.”

ಟೇಬಲ್ ತುಂಬ ಊರ ಕಡೆಯ ಜನ ಕೂತಿದ್ದರು. ನಾನು ಅವರ ಮುಖ ನೋಡದೆ ಸಪ್ಲೈಯರನಿಗೆ, “ಆ ಟೀಚರಿಗೆ ಹಿಂದಿನ ಬಾಗ್ಲಿಗೆ ಬಪ್ಪುಕೆ ಹೇಳ್” ಎಂದೆ. ಎಂಜಲೆಲೆ ಬೀಳುವ ಬಾಗಿಲು ಅದು. ಅಣ್ಣನ ದುಡ್ಡಿನಲ್ಲಿ ಕಟ್ಟಿದ ಹೋಟೆಲು.

ಅವರು ಸುತ್ತಿಕೊಂಡು ಹಿಂದೆ ಬಂದರು. ಸೀರೆಯ ನೆರಿಗೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು ಎಲೆಗಳನ್ನು ದಾಟಿದರು. ನಾನು ಪಾತ್ರೆಗೆ ಮೊಸರು ಹುಯ್ದೆ.

“ಗೋಡಿಗ್ ಹೋಪ ಮೊಸ್ರಿಗ್ ಯಾವ ಬಾಗ್ಲಾದ್ರೆಂತ ತಂಬಿ” ಎಂದರು. ಮತ್ತೆ ನಕ್ಕು, “ಅಲ್ಲಿ ಮೊಟ್ಟೆ ಒಟ್ಟಿಗೆ ಕಲಸ್ತ್ರ್. ನಿಮ್ ಮೊಸರಿನ ಜಾತಿ ಹೋಯ್ತ್” ಎಂದರು.

ನಾನು ನಗಲಿಲ್ಲ. ಗೋಡೆ ಮುಗಿಯುವ ತನಕ ದಿನಾ ಹಿಂದಿನ ಬಾಗಿಲಿಗೇ ಬಂದು ಒಯ್ದರು.

ಅಣ್ಣ ಮೊದಲು ಹೋದ. ಅವರಿಗೆ ಮಕ್ಕಳಿರಲಿಲ್ಲ. ಕಳೆದ ವರ್ಷ ಅವರೂ ಹೋದರು. ಸುದ್ದಿ ಕೇಳಿ ಬಸ್ಸು ಹತ್ತಿದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಈಗ ಬೆಂಚುಗಳಿವೆ. ಬಲಗಡೆ ಗೋಡೆಯ ಪಕ್ಕ ಕೂತೆ. ಗೋಡೆ ಚಿಪ್ಪಿನ ಒಳಮೈಯ ಹಾಗೆ ನುಣುಪಾಗಿತ್ತು, ಆ ಸೆಕೆಯಲ್ಲೂ ತಣ್ಣಗಿತ್ತು. ಪೂಜೆ ಮುಗಿಯುವ ತನಕ ಅದರ ಮೇಲಿಂದ ಅಂಗೈ ತೆಗೆಯಲಿಲ್ಲ.

ಪಕ್ಕದ ಸಮಾಧಿ ಜಾಗದಲ್ಲಿ ಮೊದಲ ಹಿಡಿ ಮಣ್ಣು ಹಾಕಲು ಮನೆಯವರು ಬೇಕಿತ್ತು. ಹೊಸಬರಾದ ಯುವಕ ಪಾದ್ರಿ ನನ್ನ ಬಿಳಿ ಕೂದಲು ನೋಡಿ ಹತ್ತಿರ ಬಂದರು.

“ಅಯ್ಯಾ, ನೀಂಗ ಅವಂಗಳುಕ್ಕು ಎನ್ನ ವೇಣುಂ?”

ನೀವು ಅವರಿಗೆ ಏನಾಗಬೇಕು ಎಂದು. ತಮಿಳಿನಲ್ಲೂ ನಮ್ಮ ಹಾಗೇ ಕೇಳುತ್ತಾರೆ.

“ತೆರಿಂಜವಂಗ” ಎಂದೆ. ಪರಿಚಯದವರು.

ಅವರು ತಲೆಯಾಡಿಸಿ ಹಳ್ಳಿಯ ಒಬ್ಬನನ್ನು ಕರೆದರು. ಆ ಸೋದರಮಾವನ ಮೊಮ್ಮಗನಿರಬೇಕು. ಅವನು ಬಾಗಿ ಮಣ್ಣು ಹಾಕಿದ. ಗಂಡಿನ ಕಡೆಯ ಕೆಲಸವನ್ನು ಎರಡನೆಯ ಸಲವೂ ಅವರ ಮನೆಯವರೇ ಮಾಡಿದರು.

ಈಗ ಮಧ್ಯಾಹ್ನಗಳಲ್ಲಿ ಹೋಗಿ ಆ ಗೋಡೆಯ ಪಕ್ಕ ಕೂರುತ್ತೇನೆ. ಪಾದ್ರಿಗಳು ಕಂಡರೆ ಕೈಮುಗಿಯುತ್ತಾರೆ, ಫ್ಯಾನ್ ಹಾಕಿಸುತ್ತಾರೆ. ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಕೇಳದಿದ್ದರೂ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. ನಾನು ಅವರ ಗಂಡನ ತಮ್ಮ. ಕ್ಷಮಿಸಿ ಎಂದು ಒಮ್ಮೆಯೂ ಅವರಲ್ಲಿ ಕೇಳಲಿಲ್ಲ. ಅವರು ನನಗೆ ಅತ್ತಿಗೆ ಆಗಬೇಕು.