ಲೊಕ್ಕನಹಳ್ಳಿಯ ಓಟದ ಮೇಷ್ಟ್ರು

ನನ್ನ ಗಂಡ ಮೂರ್ತಿ ಮೇಷ್ಟ್ರು ಬಸ್ಸು ಹಿಡಿಯಲಿಕ್ಕೂ ಓಡಿದವರಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದು, ಆಮೇಲೆ ಹಟ ಹಿಡಿದು ಅದೇ ಇಂಗ್ಲಿಷಿಗೆ ಮೇಷ್ಟ್ರಾದವರು. ಪಾಠಕ್ಕೆ ನಿಂತರೆ ಮಾತ್ರ ಮೈಮೇಲೆ ದೇವರು ಬಂದಂತೆ ಆಡುತ್ತಿದ್ದರು. ಇಂಗ್ಲಿಷಿನವರು ಸುಮ್ಮನೆ ಓಡುವುದಿಲ್ಲವಂತೆ, ಒಂದೊಂದು ಓಟಕ್ಕೂ ಒಂದೊಂದು ಮಾತು. ತಟ್ಟನೆ ಓಟ ಕಿತ್ತರೆ ಶೂಟ್ ಆಫ್, ಬಿದ್ದಂಬೀಳ ಓಡಿದರೆ ಟೇರ್ ಅಲಾಂಗ್, ಬುರ್ರೆಂದು ಹೋದರೆ ಜೂಮ್ ಆಫ್. ಇವೆಲ್ಲ ಬಾಯಿಪಾಠದಿಂದ ತಲೆಗೆ ಹತ್ತುವುದಿಲ್ಲ, ಕಾಲಿಗೆ ಹತ್ತಬೇಕು ಎನ್ನುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ನಾಗಯ್ಯನವರ ಕಟಾವಾದ ಹೊಲದಲ್ಲಿ ಹನ್ನೆರಡು ಮಕ್ಕಳನ್ನು ಓಡಿಸಿ ಕಲಿಸುತ್ತಿದ್ದರು. ನಮ್ಮ ಮಗಳು ದಿವ್ಯ ಅವರಲ್ಲಿ ಒಬ್ಬಳು.

ಆ ಹೊಲದ ಆಚೆ ಕಾಡು. ಓಡುವ ಮಕ್ಕಳಿಗೆ ಕರೆಂಟು ತಗುಲೀತೆಂದು, ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಸ್ವಿಚ್ಚನ್ನು ತಾವೇ ಆರಿಸುತ್ತಿದ್ದರು. ಆನೆ ಬರುವುದು ಕತ್ತಲಾದ ಮೇಲೆ, ಅಷ್ಟರಲ್ಲಿ ಹಾಕಿಬಿಡುತ್ತೇನೆ ಎನ್ನುವ ಧೈರ್ಯ. ಆನೆಗೇನು ಗಡಿಯಾರ ಕಟ್ಟಿದ್ದೀರಾ ಎಂದು ನಾನು ರೇಗಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ!

ಕಳೆದ ಜನವರಿಯ ಒಂದು ಸಂಜೆ, ಇನ್ನೂ ಐದೂವರೆ, ಅವರು ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದು ಬಿದ್ದರು. ಕಾಲಲ್ಲಿ ಚಪ್ಪಲಿ ಇಲ್ಲ. ಆನೆ ಎಂದಷ್ಟೇ ಹೇಳಿದರು.

"ದಿವ್ಯ ಎಲ್ಲಿ?"

ಅವರು ಹೊಲದ ಕಡೆ ಕೈ ತೋರಿಸಿದರು. ಅಯ್ಯೋ ಶಿವನೇ, ಹನ್ನೆರಡು ಮಕ್ಕಳನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಹೆತ್ತ ಮಗಳನ್ನೂ.

ನಾನು ಬೀದಿಗೆ ಬಿದ್ದು ಹೊಲದ ಕಡೆ ಓಡಿದೆ. ಅರ್ಧ ದಾರಿಯಲ್ಲೇ ನಾಗಯ್ಯನವರು ಮಕ್ಕಳನ್ನೆಲ್ಲ ಕರೆದುಕೊಂಡು ಎದುರಾದರು. ಪಟಾಕಿ ಹೊಡೆದು ಆನೆಯನ್ನು ಅಟ್ಟಿದ್ದರಂತೆ. ದಿವ್ಯಳೊಬ್ಬಳ ಹೊರತು ಮಕ್ಕಳು ಓಡಿಯೇ ಇರಲಿಲ್ಲ. ಆನೆ ಕಂಡರೆ ಉಸಿರೆತ್ತದೆ ಮರೆಗೆ ಸರಿಯಬೇಕೆಂದು ಕಾಡಂಚಿನ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಪಂಪ್‌ಸೆಟ್ ಮನೆಯೊಳಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರಂತೆ. ದಿವ್ಯಳ ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ನಾನು ಅವಳನ್ನು ಅವುಚಿಕೊಂಡು ಗೊಳೋ ಎಂದು ಅತ್ತೆ, ಅವಳು ಅಳಲಿಲ್ಲ.

ಮನೆಯಲ್ಲಿ ಅವರು ಜಗುಲಿಯ ಕಂಬಕ್ಕೆ ಒರಗಿ ಹಾಗೇ ಕೂತಿದ್ದರು. ದಿವ್ಯ ನೇರ ಅವರ ಮುಂದೆ ಹೋಗಿ ನಿಂತಳು.

"ಹಿಂದೇನೇ ಓಡ್ಬತ್ತಾ ನಾ ಬಿದ್ದೋದೆ. ಅಪ್ಪಾ ಅಂತ ಕೂಗ್ದೆ. ಕೇಳುಸ್ಲಿಲ್ವಾ?"

ಇಲ್ಲ ಎಂದುಬಿಡಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟು ಅಂದಿದ್ದರೆ ಸಾಕಿತ್ತು, ಅವಳೂ ನಂಬುತ್ತಿದ್ದಳು, ನಾನೂ ನಂಬುತ್ತಿದ್ದೆ.

"ಕೇಳುಸ್ತು ಕಣವ್ವ," ಎಂದರು.