ಚನ್ನಯ್ಯನ ಕೈಗುಣ

ಚನ್ನಯ್ಯ, ನಿನ್ನ ಕೈಗುಣ ಕೆಟ್ಟಿದೆ ಎಂದು ಊರಲ್ಲಿ ಮೊದಲು ಆಡಿದವಳು ನಾನು. ಅದು ಸುಳ್ಳೆಂದು ಆಡುವಾಗಲೇ ನನಗೆ ಗೊತ್ತಿತ್ತು.

ಹಂದನಕೆರೆ ಕಡೆಯ ನಮ್ಮೂರಲ್ಲಿ ತೆಂಗಿನ ಸಸಿ ಇಡಬೇಕೆಂದರೆ ಮೊದಲ ಗುಣಿಗೆ ನಿನ್ನ ಕೈಯೇ ಆಗಬೇಕಿತ್ತು. ಮರ ಹತ್ತಿ ಕಾಯಿ ಇಳಿಸುವುದಕ್ಕೂ ನೀನೇ. ನನ್ನ ತೋಟದ ಮುಕ್ಕಾಲು ಮರ ನೀನು ನೆಟ್ಟದ್ದು. ನೋಡಿದವರು ಹೊಗಳುತ್ತಿದ್ದರು — ಆ ಹೊಗಳಿಕೆಯನ್ನು ಮಾತ್ರ ನಾನೊಬ್ಬಳೇ ಇಟ್ಟುಕೊಂಡೆ.

ಆಮೇಲೆ ಕಾಲ ಕೆಟ್ಟಿತು. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಿದ್ದೆವು. ಆ ಭರಣಿಯೇ ಒಂದು ವರ್ಷ ತಪ್ಪಿತು, ಮರುವರ್ಷವೂ ತಪ್ಪಿತು. ಶಿವರಾತ್ರಿಗೆ ಮುಂಚೆಯೇ ಬಿಸಿಲು ಸುಡತೊಡಗಿತು. ಹೊಂಬಾಳೆಯಲ್ಲಿ ಕಚ್ಚಿದ ಹರಳು — ಇನ್ನೂ ಗೋಲಿಯಷ್ಟೇ ಇರುವ ಎಳೆ ಮಿಡಿ — ಉದುರಿಹೋಯಿತು. ಉಳಿದ ಕಾಯಿಯೂ ಸಣ್ಣ. ಇವಳ ತೋಟ ಸೋತಿತು ಎಂದು ಜನ ಅನ್ನುವುದು ನನಗೆ ಬೇಕಿರಲಿಲ್ಲ. ಬಿಸಿಲನ್ನು ಬಯ್ದರೆ ಯಾರು ಕೇಳುತ್ತಾರೆ? ಬಯ್ಯಲು ಒಬ್ಬ ಮನುಷ್ಯ ಬೇಕಿತ್ತು.

ಡೈರಿಗೆ ಹಾಲು ಹಾಕಲು ನಿಂತಿದ್ದಾಗ ಪಕ್ಕದ ತೋಟದ ಗೌರಮ್ಮ, ಯಾಕೆ ಹಿಂಗಾಯಿತು ನಿನ್ನ ತೋಟ ಎಂದು ಕೇಳಿದಳು.

“ಚನ್ನಯ್ಯ ಹತ್ತಿದ್ ಮರದಲ್ಲಿ ಹರಳೇ ನಿಲ್ತಿಲ್ಲ ಕಣೇ. ಅವನ ಕೈಗುಣ ಕೆಟ್ಟೋಯ್ತು,” ಅಂದೆ.

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ನಿಜ ಹೇಳುತ್ತೇನೆ — ನಮ್ಮ ಹಿತ್ತಿಲಲ್ಲಿ ಒಂದು ಗಿಡ್ಡ ಮರವಿದೆ. ನೆಟ್ಟವಳೂ ನಾನೇ, ದೋಟಿ ಹಿಡಿದು ಕಾಯಿ ಕೀಳುವವಳೂ ನಾನೇ. ನಿನ್ನ ಕೈ ಅದಕ್ಕೆ ಸೋಕಿಯೇ ಇಲ್ಲ. ಅದರ ಬುಡದಲ್ಲೂ ಹರಳು ಹಾಸಿದ ಹಾಗೆ ಬಿದ್ದಿತ್ತು. ಯಾರೂ ನೋಡುವ ಮೊದಲೇ ಗುಡಿಸಿ, ಮಂಕರಿಗೆ ತುಂಬಿ, ತಿಪ್ಪೆಯಲ್ಲಿ ಹೂತೆ. ಒಂದು ದಿನವಲ್ಲ, ಆ ಬೇಸಿಗೆ ಪೂರ್ತಿ.

ಆಮೇಲೆ ಯಾರೂ ನಿನ್ನನ್ನು ಕರೆಯಲಿಲ್ಲ. ನೀನು ಕಿಬ್ಬನಹಳ್ಳಿಗೆ ಹೋಗಿ ಮಂಡಿಯಲ್ಲಿ ಕಾಯಿ ಸುಲಿಯಲು ನಿಂತೆ. ನೀನು ಹೋದ ಮೇಲೂ ಹರಳು ಉದುರಿತು — ನನ್ನದು, ಗೌರಮ್ಮನದು, ತುರುವೇಕೆರೆಯವರೆಗೆ ಎಲ್ಲರದೂ. ಈಗ ಊರೇ ಹವಾಮಾನ ಕೆಟ್ಟಿದೆ ಅನ್ನುತ್ತದೆ. ಆದರೆ ಚನ್ನಯ್ಯನದು ತಪ್ಪಿರಲಿಲ್ಲ ಎಂದು ಯಾರೂ ಅನ್ನಲಿಲ್ಲ. ಅನ್ನಬೇಕಾದವಳು ಸುಮ್ಮನಿದ್ದೆ.

ಹೋದ ತಿಂಗಳು, ಒಣಗಿದ ಮರಗಳ ಜಾಗಕ್ಕೆ ಸಸಿ ಇಡಲು ನಿನ್ನನ್ನು ಕರೆಯಲು ಮಂಡಿಗೆ ಬಂದೆ. ತಪ್ಪೊಪ್ಪಿಕೊಳ್ಳುವವಳ ಹಾಗಲ್ಲ, ಕೆಲಸ ಕೊಡುವವಳ ಹಾಗೆ ಕರೆದೆ. ನೀನು ಕೈಯೆರಡನ್ನೂ ಹಿಂದಕ್ಕೆ ಕಟ್ಟಿಕೊಂಡೆ.

“ಬ್ಯಾಡ ಬುಡಿ ಅಮ್ಮಾರೆ. ನನ್ ಕೈ ಸರಿ ಇಲ್ಲ. ಮಗಳ ಮನೆ ಹಿತ್ಲಲ್ಲೂ ಒಂದ್ ಸಸಿ ಮುಟ್ಟಿಲ್ಲ ನಾನು.”

ನಿನ್ನ ಮಾತಿನಲ್ಲಿ ಸಿಟ್ಟಿರಲಿಲ್ಲ. ನನ್ನ ಸುಳ್ಳನ್ನು ನೀನೂ ನಂಬಿಬಿಟ್ಟಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ, ಬಸ್ಸು ಹತ್ತಿ ಬಂದೆ.

ನಾಳೆ ಮತ್ತೆ ಬರುತ್ತೇನೆ, ಸಸಿ ನೆಡು ಎಂದು ಕೇಳಲು ಅಲ್ಲ. ಇಲ್ಲಿ ಬರೆದದ್ದನ್ನೆಲ್ಲ ಮಂಡಿಯ ಜನರೆದುರೇ ನಿನಗೆ ಹೇಳುತ್ತೇನೆ. ಅದಾದ ಮೇಲೂ ನಿನ್ನ ಕೈಯನ್ನು ನೀನು ನಂಬದೇ ಹೋದರೆ — ಅದು ನಾನು ಮಾಡಿದ್ದು.